ಟ್ರ್ಯಾಕಿನ ಗಿಟಾರ್

ಹಳೆಯ ರಾಕ್ ಹಾಡಿನ ಸಿದ್ಧ ಟ್ರ್ಯಾಕಿನಲ್ಲಿ ಬೇಕಾದ ವಾದ್ಯ ಉಳಿಸಿಕೊಂಡು ಬೇಡದ್ದನ್ನು ಅಳಿಸಬಹುದು. ಡ್ರಮ್ಸ್ ನುಡಿಸುವವನು ತಂಡ ಬಿಟ್ಟ ಮೇಲೆ ಗಾಯಕ ರೋಶನ್ ಅದನ್ನೇ ತಂದ. ಗಿಟಾರ್ ನುಡಿಸುವ ಲ್ಯಾನ್ಸಿಗೆ ಅದು ಎಂಜಲೆಲೆಯಲ್ಲಿ ಉಂಡಂತೆ.

“ಟ್ರ್ಯಾಕಿನ ಗಿಟಾರ್ ಅಳಿಸಿದ್ದೀಯಲ್ಲ?” ವೇದಿಕೆ ಹತ್ತುವ ಮುನ್ನ ಲ್ಯಾನ್ಸಿ ಕೇಳಿದ.

“ಅಳಿಸಿದ್ದೇನೆ ಮಾರಾಯ.”

ಲ್ಯಾನ್ಸಿಗೆ ಗಿಟಾರ್ ಕಲಿಸಿದ ಫೆಲಿಕ್ಸ್ ಮಾಸ್ಟ್ರು ಅವನನ್ನು ಎಂದೂ ಹೊಗಳಿದವರಲ್ಲ. ಈಗ ಕಣ್ಣು ಕಾಣದ ಅವರು ಇಂದು ಕೇಳುಗರ ಮುಂದಿನ ಸಾಲಿನಲ್ಲಿದ್ದರು.

ಹಾಡು ಶುರುವಾದೊಡನೆ ಸ್ಪೀಕರಿನಲ್ಲಿ ಇನ್ನೊಂದು ಗಿಟಾರ್ ಕೇಳಿಸಿತು.

“ಎಂತದಿದು?”

“ನಿನ್ನ ಬೆರಳು ತಪ್ಪುತ್ತದಲ್ಲ, ಇರಲಿ ಅಂತ.”

ಲ್ಯಾನ್ಸಿ ತಂತಿಯಿಂದ ಕೈ ತೆಗೆದು, ಹಾಡು ಮುಗಿಯುವವರೆಗೂ ನುಡಿಸದೆ ನಿಂತ.

ಚಪ್ಪಾಳೆಯ ನಡುವೆ ಮಾಸ್ಟ್ರು ತಡವರಿಸುತ್ತ ಬಂದು ಅವನ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು.

“ಇವತ್ತು ನನ್ನ ಶಿಷ್ಯನಾದೆ, ಮಗಾ.”