ಮಡ್‌ಗಾರ್ಡಿನ ತುಕ್ಕು

ಗಂಡನ ಗೊರಕೆ ಶುರುವಾಗುತ್ತಿದ್ದಂತೆ ಅವಳು ಚೊಂಬಿನಲ್ಲಿ ಉಪ್ಪುನೀರು ಕದಡಿಕೊಂಡು ಹಿತ್ತಿಲಿಗೆ ಬಂದಳು. ಶೆಡ್ಡಿನಲ್ಲಿ ಹಳೆಯ ಪಿಕಪ್ ನಿಂತಿತ್ತು. ಬೆಳಗ್ಗೆಯೆಲ್ಲ ಗಂಡ ಮೈಮುರಿದು ಮಡ್‌ಗಾರ್ಡಿನ ತುಕ್ಕು ಕೆರೆದು, ತಗಡು ಹೊಳೆಯುವ ಹಾಗೆ ಉಜ್ಜಿದ್ದ. ನಾಳೆ ಪ್ರೈಮರ್ ಬಳಿಯುವುದೊಂದೇ ಬಾಕಿ. ಅವಳು ಅತ್ತಿತ್ತ ನೋಡಿ, ಆ ಹೊಳಪಿನ ಮೇಲೆ ಉಪ್ಪುನೀರು ಸುರಿದಳು.

ಗಾಡಿಯ ಮೇಲೆ ಅವಳಿಗೆ ಹಗೆಯೇನೂ ಇರಲಿಲ್ಲ. ಅದು ಮಗ ಬಾಡಿಗೆಗೆ ಓಡಿಸುತ್ತಿದ್ದ ಗಾಡಿ. ಹಾಳು ಜ್ವರವೊಂದು ಮಗನನ್ನು ಎತ್ತಿಕೊಂಡು ಹೋದ ಮೇಲೆ ಗಂಡ ಗೋಡೆಗೆ ಮುಖಮಾಡಿ ಮಲಗಿಬಿಟ್ಟಿದ್ದ. ಇಟ್ಟ ತಟ್ಟೆ ಇಟ್ಟ ಹಾಗೇ ವಾಪಸು ಬರುತ್ತಿತ್ತು. ಅವಳೂ ಹೆಚ್ಚಬೇಕಾದ ತರಕಾರಿ ಮುಂದಿಟ್ಟುಕೊಂಡು ಕತ್ತಲಾಗುವವರೆಗೆ ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ಆದರೆ ಅವಳಿಗೆ ಚಿಂತೆಯೆಲ್ಲ ಗಂಡನದೇ.

ತಗಡು ರಿಪೇರಿಯ ಟಿಂಕರ್ ಕೆಲಸದವನು ಗಾಡಿಯನ್ನು ಗುಜರಿಗೆ ಕೇಳಲು ಬಂದ ದಿನ ಗಂಡ ಎದ್ದು ಕೂತ.

"ತುಕ್ಕು ಬಿಡಿಸದೆ ಕೊಡಲ್ಲ. ಅದೊಂದು ಮುಗಿದರೆ ನನ್ನ ಕೆಲಸವೂ ಮುಗೀತು" ಅಂದ.

ಮರುದಿನ ಅವನು ಹೊಟ್ಟೆ ತುಂಬ ಉಂಡ. ಅಂದೇ ಅವಳು ನಿಶ್ಚಯಿಸಿಕೊಂಡಳು, ಈ ತುಕ್ಕು ಮುಗಿಯಕೂಡದು. ಮುಗಿದರೆ ಅವನು ಮತ್ತೆ ಗೋಡೆಗೆ ತಿರುಗುತ್ತಾನೆ, ಆಮೇಲೆ ಈಚೆ ಹೊರಳುವುದಿಲ್ಲ.

ಹೀಗೇ ಸಾಗಿತು. ಒಂದು ಕಡೆ ಉಜ್ಜಿದರೆ ಇನ್ನೊಂದು ಕಡೆ ಕೆಂಪಗೆ ಏಳುತ್ತಿತ್ತು. "ದರಿದ್ರದ್ದು, ಮತ್ತೆ ಬಂತು ನೋಡು" ಎಂದು ಗಂಡ ಗೊಣಗಿದರೆ, ಹವೆಯೇ ಸರಿಯಿಲ್ಲ ಎಂದು ಅವಳು ತಿಪ್ಪೆ ಸಾರಿಸುತ್ತಿದ್ದಳು. ತುಕ್ಕು ನಿಲ್ಲಬೇಕಾದರೆ ಗಾಡಿಯ ಅಡಿ ತೊಳೆಯಿರಿ, ಬಾಗಿಲ ಕೆಳಗೆ ನೀರು ಹೋಗುವ ಕಿಂಡಿ ಬಿಡಿಸಿ ಆಯಿಲ್ ಹೊಡೆಯಿರಿ, ಟಾರ್ಪಾಲು ಹೊದಿಸಿ ಎಂದು ಟಿಂಕರ್ ಬಡಕೊಂಡ. ಗಂಡ ತಲೆಯಾಡಿಸಿದ, ಒಂದನ್ನೂ ಮಾಡಲಿಲ್ಲ. ಆಯಿಲ್ ಡಬ್ಬದ ಮುಚ್ಚಳ ಕೂಡ ತೆಗೆಯಲಿಲ್ಲ. ಪಾಪ, ದುಃಖದಲ್ಲಿ ತಲೆ ಮಂಕಾಗಿದೆ ಎಂದುಕೊಂಡು ಅವಳು ನಿಟ್ಟುಸಿರಿಟ್ಟಳು. ಮಧ್ಯಾಹ್ನ ಊಟವಾದ ಕೂಡಲೇ ಅವನು "ಮಲಗ್ತೀನಿ, ಗುಡುಗಿದರೂ ಏಳಲ್ಲ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುವನು. ತಲೆ ದಿಂಬಿಗೆ ತಾಗುವ ಮೊದಲೇ ಗೊರಕೆ.

ಒಂದು ಬೆಳಗ್ಗೆ ಚಕ್ರಕ್ಕೆ ಒರಗಿ ಕೂತವನು ಮೇಲೇಳಲಿಲ್ಲ. ಉಜ್ಜುವ ಕಾಗದ ಕೈಯಲ್ಲೇ ಇತ್ತು.

ಬಂದ ನೆಂಟರು ಹೊರಟುಹೋದರು. ಗಾಡಿ ಜರಡಿಯಾಗಿದೆ, ನಾಳೆ ಒಯ್ಯುತ್ತೇನೆ ಎಂದು ಟಿಂಕರ್ ಹೇಳಿದಾಗ ಅವಳು ಬೇಡ ಎನ್ನಲಿಲ್ಲ. ಇನ್ನು ಯಾರಿಗಾಗಿ? ಆದರೂ ಮಧ್ಯಾಹ್ನ ಕಾಲು ತಾನಾಗಿ ಅಡುಗೆಮನೆಗೆ ನಡೆಯಿತು. ಚೊಂಬು ಹಿಡಿದು ಉಪ್ಪಿನ ಡಬ್ಬ ತೆರೆದಳು. ತಳ ಕಾಣುತ್ತಿತ್ತು. ಇಷ್ಟು ಕಾಲ ಅದು ತಳ ಕಂಡದ್ದೇ ಇಲ್ಲ. ಸಾಮಾನು ತರುವುದು ಗಂಡನ ಪಾಲಿನ ಕೆಲಸವಾಗಿತ್ತು.

ಮೂಲೆಯಂಗಡಿಯವನು ಕೇಳದೆಯೇ ರಾಶಿ ಪ್ಯಾಕೆಟ್ ಉಪ್ಪು ಮುಂದಿಟ್ಟ. ಒಂದು ಸಾಕು ಎಂದಳು.

"ಯಜಮಾನರು ಯಾವಾಗಲೂ ಇಷ್ಟೇ ಒಯ್ತಿದ್ರು ಅಮ್ಮ. ಇಬ್ಬರ ಮನೆಗೆ ಇಷ್ಟು ಉಪ್ಪು ಯಾಕೆ ಅಂತ ಒಂದು ಸಲ ಕೇಳಿಯೂ ಇದ್ದೆ. ಅವರು ಹೇಳಿದ್ದು ನನಗೆ ಇವತ್ತಿಗೂ ಅರ್ಥ ಆಗಿಲ್ಲ."

ಅವಳು ಒಂದು ಪ್ಯಾಕೆಟ್ ಕೈಚೀಲಕ್ಕೆ ಹಾಕಿಕೊಂಡು, ಏನಂದಿದ್ದರು ಎಂದು ಕೇಳಿದಳು.

"'ಮಗ ಹೋದ ಮೇಲೆ ಅವಳು ಹೊಸ್ತಿಲು ಬಿಟ್ಟು ಏಳ್ತಾನೇ ಇರಲಿಲ್ಲ. ಈ ಉಪ್ಪಿದ್ರೆ ದಿನಕ್ಕೊಂದು ಸಲವಾದ್ರೂ ಎದ್ದು ಹಿತ್ತಿಲಿಗೆ ಹೋಗ್ತಾಳೆ' ಅಂದಿದ್ರು."