ಚಟ್ನಿಪುಡಿಗೆ ಹುಟ್ಟಿದ ಕೌದಿ

ಧಾರವಾಡದಲ್ಲಿ ಆನ್‌ಲೈನ್ ಅಂಗಡಿ ನಡೆಸುವ ಪ್ರಮೀಳಾಗೆ ಬೆಳಗ್ಗೆಯೇ ಗಿರಾಕಿ ಸಾವಂತ್ರಕ್ಕನ ವಿಡಿಯೊ ಕರೆ ಬಂತು.

“ನಿನ್ನ ಕೌದಿ ಬೆಳ್ಳುಳ್ಳಿ ನಾರಾಕತ್ತೈತಿ! ‘ಎಣ್ಣಿ ಹಾಕ್ಕೊಂಡು ರೊಟ್ಟಿ ಜೋಡಿ ತಿನ್ರಿ’ ಅಂತ ನಮ್ಮ ಮೊಮ್ಮಗನ ಕಿವ್ಯಾಗ ಒದರತೈತಿ. ವಾಪಸ್ ತಗೋ.”

ಪ್ರೋಗ್ರಾಮಿನಲ್ಲಿ ಬರೆದಂತೆಯೇ ಸರಕು ನಡೆದುಕೊಳ್ಳುವ ಕಾಲ; ಒಂದೊಂದು ಬಗೆಯ ಸರಕಿಗೂ ಅಲ್ಲಿ ಒಂದು ‘ಕ್ಲಾಸ್’, ಅಂದರೆ ಅದರ ಗುಣಗಳನ್ನು ಬರೆದಿಟ್ಟ ಅಚ್ಚು. ಇದು ಅಂಗಡಿಯ ಮೊದಲ ಕೌದಿ. ಹಿಂದಿರುಗಿ ಬಂದರೆ ಎರಡನೆಯದನ್ನು ಯಾರೂ ಕೇಳುವುದಿಲ್ಲ.

“ತಡೀರಿ ಅಕ್ಕಾರ, ತಪ್ಪು ನಂದ. ಹೆಸರು, ಬೆಲಿ ಎಲ್ಲಾ ಚಟ್ನಿಪುಡಿ ಕ್ಲಾಸಿನಾಗ ಇದ್ವು. ಹೊಸಾದು ಬರಿಯಾಕ ಬ್ಯಾಸರಾಗಿ ಕೌದಿನ ಅದರ ಮಗಳು ಮಾಡಿಬಿಟ್ಟೆ.”

“ಹಂಗಾರ ಅವ್ವನ ಗುಣಾ ಬರದ ಇರತೈತೇನ!”

ಪ್ರಮೀಳಾ ಲ್ಯಾಪ್‌ಟಾಪ್ ತೆರೆದಳು. ‘ಸರಕು’ ಎಂಬ ಹೊಸ ತಾಯಿ ಕ್ಲಾಸ್ ಬರೆದು, ಹೆಸರು, ಬೆಲೆಗಳನ್ನು ಅದಕ್ಕೆ ವಹಿಸಿ, ಚಟ್ನಿಪುಡಿಯನ್ನೂ ಕೌದಿಯನ್ನೂ ಅದರ ಮಕ್ಕಳನ್ನಾಗಿಸಿದಳು. ಬೆಳ್ಳುಳ್ಳಿ ವಾಸನೆಯೂ ತಿನ್ನುವ ಮಾತೂ ಚಟ್ನಿಪುಡಿಯ ಬಳಿಯೇ ಉಳಿದವು. ಇನ್ನು ಕೌದಿಗೆ ಏನು ಕಲಿಸುವುದು? ರಾತ್ರಿಯಿಡೀ ಎದ್ದೆದ್ದು ತನ್ನ ಮಕ್ಕಳಿಗೆ ಹೊದಿಸುವ ಅವಳ ಕೈ ತಡಮಾಡದೆ ಬರೆಯಿತು: ಒದ್ದರೆ, ಮತ್ತೆ ಹೊದಿಸು.

ಫೋನಿನಲ್ಲಿ ಕೌದಿ ಸುಮ್ಮನಾಯಿತು. ಕೂಸು ಅದನ್ನು ಒದ್ದು ಕೆಡವಿತು. ಕೌದಿ ಮೆಲ್ಲಗೆ ತೆವಳಿ ಬಂದು ಹೊಟ್ಟೆ ಮುಚ್ಚಿತು. ಮತ್ತೆ ಒದೆ, ಮತ್ತೆ ಹೊದಿಕೆ. ಕೊನೆಗೆ ಕೂಸೇ ಸೋತು ನಿದ್ದೆಹೋಯಿತು.

ಸಾವಂತ್ರಕ್ಕ ದನಿ ತಗ್ಗಿಸಿದಳು.

“ಇದು ಇಲ್ಲೇ ಇರಲಿ. ಇನ್ನೊಂದು ಕಳಸು, ದೊಡ್ಡದು. ನನ್ನ ಮಗಳು ಹಡದಾಗಿಂದ ನೆಟ್ಟಗ ಮಲಗಿಲ್ಲ. ಆಕಿ ಕೆಲಸಕ್ಕಂತ ಎದ್ರ, ಎಳದು ಮಲಗಸೂವಂಗ ಬರಿ.”