ಹೊರಳುವ ಉಂಡೆ

"ಅಜ್ಜಿ ಬರದಿದ್ರೆ ನಾನೂ ಒಳಗೆ ಹೋಗಲ್ಲ," ಎಂದು ಹುಡುಗಿ ಉಲ್ಲನ್ ಉಂಡೆಯನ್ನು ಎದೆಗವಚಿಕೊಂಡು ವಿಕಿರಣ ಕೋಣೆಯ ಬಾಗಿಲಲ್ಲೇ ಕೂತುಬಿಟ್ಟಳು.

ಅಜ್ಜಿಗೆ ನೆಗಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿನ ಹತ್ತಿರ ಸೀನುವ ಹಾಗಿಲ್ಲ. ಹಾಗಾಗಿ ಅಜ್ಜಿಯನ್ನು ಮನೆಯಲ್ಲೇ ಬಿಟ್ಟು, ಅಪ್ಪ ಹೆಣಿಗೆಯ ಚೀಲವನ್ನಷ್ಟೇ ತಂದಿದ್ದ.

ತಲೆಯೊಳಗಿನ ಗಡ್ಡೆಗೆ ವಿಕಿರಣ ಬಿಡುವಾಗ ಮುಖಕ್ಕೆ ಜಾಲರಿಯ ಮುಖವಾಡ ಹಾಕಿ ಮಂಚಕ್ಕೆ ಬಿಗಿಯುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. "ಇದು ಅಷ್ಟು ಒಳ್ಳೇದಾಗಿದ್ರೆ ನೀವೆಲ್ಲ ಯಾಕೆ ಓಡಿಹೋಗ್ತೀರಿ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು. ಚಿಕಿತ್ಸೆ ಕೊಡುವ ಮೀಸೆ ಡಾಕ್ಟರು ಬಾಗಿಲಾಚೆ ಕಣ್ಣು ಹಾಯಿಸಿದ್ದರು. ಹೊರಗೆ ಮೊಮ್ಮಗಳಿಗೆಂದು ಟೋಪಿ ಹೆಣೆಯುತ್ತ ಕೂತಿದ್ದ ಅಜ್ಜಿ ಅವರ ಕಣ್ಣಿಗೆ ಬಿದ್ದಳು. ಉಂಡೆಯನ್ನು ಹುಡುಗಿಯ ಅಂಗೈಯಲ್ಲಿಟ್ಟು, ಎಳೆಯನ್ನು ಬಾಗಿಲ ಸಂದಿಯಿಂದ ಹೊರಗೆ ಹಾಯಿಸಿ, "ಇದನ್ನ ಹಿಡಿದು ಸುಮ್ಮನೆ ಕೂತಿರಿ ಅಮ್ಮ," ಎಂದು ಅಜ್ಜಿಗೆ ಹೇಳಿದ್ದರು.

ಅಜ್ಜಿಯ ಕೈ ಸುಮ್ಮನಿರುವಂಥದ್ದೇ ಅಲ್ಲ. ದಿಗಿಲಾದಷ್ಟೂ ಬಿರಬಿರನೆ ಹೆಣೆದಳು. ಒಳಗೆ, ಹುಡುಗಿಯ ಅಂಗೈಯಲ್ಲಿ ಉಂಡೆ ಕೋಳಿಮರಿಯಂತೆ ಹೊರಳತೊಡಗಿತು. ಅಜ್ಜಿ ಅಲ್ಲೇ ಇದ್ದಾಳೆ! ಅಂದಿನಿಂದ ಹುಡುಗಿ ದಿನವೂ ಕದಲದೆ ಮಲಗುತ್ತಿದ್ದಳು.

ಇವತ್ತು ಮಲಗದಿದ್ದರೆ ಇಂಜೆಕ್ಷನ್ ಕೊಟ್ಟು ನಿದ್ದೆ ಬರಿಸಬೇಕು. ಅಂದರೆ ಇನ್ನು ದಿನಾ ಬೆಳಗ್ಗೆ ತಿಂಡಿಗೆ ಖೋತಾ, ಎಚ್ಚರವಾದ ಮೇಲೆ ವಾಂತಿ.

"ನಾನು ಹಿಡ್ಕೋತೀನಿ ಪುಟ್ಟಿ," ಎಂದ ಅಪ್ಪ.

"ಹಿಡ್ಕೊಂಡ್ರೆ ಸಾಲದು. ಹೆಣೀಬೇಕು."

"ಸರಿ, ಆಗಾಗ ಎಳೀತೀನಿ."

"ಅದು ಮೋಸ. ನಂಗೆ ಗೊತ್ತಾಗುತ್ತೆ."

ಅಪ್ಪ ಹೆಣಿಗೆ ಕಡ್ಡಿಗಳನ್ನು ಹಾವಿನ ಮರಿ ಹಿಡಿದಂತೆ ಹಿಡಿದುಕೊಂಡ. ನೋಡುತ್ತಿದ್ದ ಮೀಸೆ ಡಾಕ್ಟರು ಕೋಟಿನ ತೋಳು ಮಡಚಿದರು. "ಇಲ್ಲಿ ಕೊಡಿ. ದಿನಾ ಆ ಅಮ್ಮನ ಪಕ್ಕ ನಿಂತು ನೋಡಿದ್ದೀನಿ. ಅದೇನು ಬ್ರಹ್ಮವಿದ್ಯೆನಾ?"

"ನಿಮಗೆ ಬರುತ್ತಾ?" ಹುಡುಗಿ ಕಣ್ಣು ಕಿರಿದು ಮಾಡಿದಳು.

"ಬರಲ್ಲ. ಆದ್ರೆ ನಿಲ್ಲಿಸಲ್ಲ."

ಅವಳು ಎದ್ದು ಒಳಗೆ ಹೋದಳು.

ಮುಖವಾಡ ಬಿಗಿಯಿತು, ಬಾಗಿಲು ಮುಚ್ಚಿತು. ಉಂಡೆ ಅಲುಗಲಿಲ್ಲ. ಅವಳು ಮನಸ್ಸಿನಲ್ಲೇ ಎಣಿಸತೊಡಗಿದಳು. ಅಷ್ಟರಲ್ಲಿ ಉಂಡೆ ಒಮ್ಮೆ ಕುಪ್ಪಳಿಸಿತು. ನಿಂತಿತು. ಯಾರೋ ಗೊಣಗಿದ್ದು ಕೇಳಿದ ಹಾಗಾಯಿತು, ಆದರೆ ಅಷ್ಟು ದಪ್ಪ ಬಾಗಿಲಿನಾಚೆಯಿಂದ ಕೇಳುವುದು ಸಾಧ್ಯವಿಲ್ಲ. ಉಂಡೆ ಮತ್ತೆ ಸ್ವಲ್ಪ ತೆವಳಿತು, ಜಗ್ಗಿತು, ತೆವಳಿತು. ಕುಂಟುತ್ತಿತ್ತು, ಆದರೆ ಹೊರಳುತ್ತಿತ್ತು. ಹುಡುಗಿ ಉಕ್ಕಿ ಬರುತ್ತಿದ್ದ ನಗೆಯನ್ನು ನುಂಗಿಕೊಂಡು ಕಲ್ಲಿನಂತೆ ಮಲಗಿದಳು.

ಅಜ್ಜಿಯ ನೆಗಡಿ ವಾರ ಹಿಡಿಯಿತು. ಅಷ್ಟು ದಿನವೂ ಡಾಕ್ಟರು ಬಂದು ಕೂತರು. ವಾಸಿಯಾಗಿ ಬಂದ ಅಜ್ಜಿ ಚೀಲದಿಂದ ಟೋಪಿ ತೆಗೆದವಳೇ ಹೌಹಾರಿದಳು.

"ಇದ್ಯಾವ ಕತ್ತೆ ಹೆಣೆದದ್ದು? ಹೆಬ್ಬೆರಳು ತೂರೋ ತೂತು!"

"ಮೆಲ್ಲಗೆ ಅಜ್ಜಿ. ಕತ್ತೆ ನಿನ್ನ ಹಿಂದೇನೇ ನಿಂತಿದೆ."

ಮೀಸೆ ಡಾಕ್ಟರು ಕೆಮ್ಮಿದರು. "ಕೊನೇ ಸಾಲು ಪರವಾಗಿಲ್ಲ ಅಲ್ವಾ ಅಮ್ಮ?"

"ಅಯ್ಯೋ ಸ್ವಾಮಿ, ಅದೇ ಎಲ್ಲಕ್ಕಿಂತ ಕೆಟ್ಟದ್ದು!" ಎಂದ ಅಜ್ಜಿ ನಾಲಿಗೆ ಕಚ್ಚಿಕೊಂಡು, ಆ ಸಾಲುಗಳನ್ನು ಬಿಚ್ಚಲು ಎಳೆಗೆ ಕೈ ಹಾಕಿದಳು.

ಹುಡುಗಿ ಟೋಪಿಯನ್ನು ಕಡ್ಡಿಗಳ ಸಮೇತ ಕಿತ್ತುಕೊಂಡಳು.

"ಬಿಚ್ಚಬೇಡ ಅಜ್ಜಿ. ನೀನಿಲ್ಲದಾಗ್ಲೂ ಉಂಡೆ ಹೊರಳಿತ್ತು."